ಉಲ್ಕಾಶಿಲೆ ಕೊಳ್ಳುವುದು, ಕೂಡಿಡುವುದು: ಮೊದಲ ತುಣುಕು ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡದಾದ ಒಂದು ಕಪ್ಪು ಕಲ್ಲಿದೆ. ತೂಕ 2.1 ಗ್ರಾಂ. ಒಂದು ಮೂಲೆ ಚಕ್ಕೆ ಎದ್ದಿದೆ. ಅಲ್ಲಿ ಇಣುಕಿದರೆ ಒಳಗೆ ಬೂದಿ ಬೆರೆತ ಬಿಳಿ ಬಣ್ಣ, ನಡುವೆ ಸೂಜಿಮೊನೆಯಂಥ ಲೋಹದ ಮಿನುಗು. ಹೊರಗಿನ ಕಪ್ಪು ಸಿಪ್ಪೆ ಕಾವಲಿಗೆ ಅಂಟಿ ಕರಕಲಾದ ದೋಸೆಯ ಅಂಚಿನಷ್ಟು ತೆಳು.

2013ರ ಫೆಬ್ರವರಿ 15ರ ಬೆಳಿಗ್ಗೆ ಸುಮಾರು ಒಂಬತ್ತು ಇಪ್ಪತ್ತಕ್ಕೆ ರಷ್ಯಾದ ಚೆಲ್ಯಾಬಿನ್‌ಸ್ಕ್ ಊರಿನ ಮೇಲೆ, 30 ಕಿ.ಮೀ. ಎತ್ತರದಲ್ಲಿ, ಬಾಹ್ಯಾಕಾಶದಿಂದ ಬಂದ ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಸಿಡಿಯಿತು. ಆ ಸಿಡಿತದ ಅಲೆಗೆ ಊರಿನ ಎಷ್ಟೋ ಕಟ್ಟಡಗಳ ಕಿಟಕಿ ಗಾಜು ಪುಡಿಯಾಗಿ ಸುಮಾರು 1,500 ಜನ ಗಾಯಗೊಂಡರು. ನನ್ನ ಚೂರು ಆ ಬಂಡೆಯದ್ದು. ಹಿಮದಲ್ಲಿ ಸಣ್ಣ ತೂತು ಕೊರೆದು ಕೂತಿದ್ದನ್ನು ಯಾರೋ ಹೆಕ್ಕಿದ್ದಾರೆ.

ಇಷ್ಟನ್ನೂ ನಾನು ಹೇಳಲು ಆಗುತ್ತಿರುವುದು ಕಲ್ಲಿನ ಜೊತೆ ಬಂದ ಒಂದು ಚೀಟಿಯಿಂದ. ಆ ಚೀಟಿ ಕಳೆದುಹೋದರೆ ಉಳಿಯುವುದು ಎರಡು ಗ್ರಾಂ ಕರಿ ಕಲ್ಲು ಅಷ್ಟೇ. ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳಲಿರುವುದು ಇದನ್ನೇ: ದುಡ್ಡು ಕೊಡುವುದು ಕಲ್ಲಿಗೆ ಮಾತ್ರ ಅಲ್ಲ, ಅದು ಎಲ್ಲಿಂದ ಹೇಗೆ ನಿಮ್ಮ ಕೈಗೆ ಬಂತು ಅನ್ನುವ ದಾಖಲೆಗೂ.

ಮೊದಲು: ಬಿದ್ದದ್ದೋ, ಸಿಕ್ಕಿದ್ದೋ?

ಕೂಡಿಡುವವರ ನಡುವೆ ಎರಡು ಮಾತು ದಿನವೂ ಓಡಾಡುತ್ತವೆ: ಫಾಲ್ ಮತ್ತು ಫೈಂಡ್. ಜನರ ಕಣ್ಣೆದುರು ಬಿದ್ದು, ಆಮೇಲೆ ಹೆಕ್ಕಿದ್ದು ಫಾಲ್. ಯಾವಾಗಲೋ ಬಿದ್ದು, ಎಷ್ಟೋ ವರ್ಷ ಆದಮೇಲೆ ಮರಳುಗಾಡಿನಲ್ಲೋ ಹೊಲದಲ್ಲೋ ಸಿಕ್ಕಿದ್ದು ಫೈಂಡ್.

ಇಲ್ಲಿಯವರೆಗೆ ಅಧಿಕೃತವಾಗಿ ಹೆಸರು ಪಡೆದ ಉಲ್ಕಾಶಿಲೆಗಳು 70 ಸಾವಿರಕ್ಕೂ ಹೆಚ್ಚು. ಅದರಲ್ಲಿ ಬೀಳುವುದನ್ನು ಕಂಡು ಹೆಕ್ಕಿದವು ಸಾವಿರದ ಇನ್ನೂರು ಚಿಲ್ಲರೆ ಮಾತ್ರ. ಉಳಿದವು ಫೈಂಡ್, ಅದರಲ್ಲೂ ಬಹುಪಾಲು ಅಂಟಾರ್ಕ್ಟಿಕಾ ಮತ್ತು ಸಹಾರಾದ್ದು. ಅದಕ್ಕೇ ಫಾಲ್‌ಗೆ ಬೆಲೆ ಜಾಸ್ತಿ. ಬೇಗ ಹೆಕ್ಕಿದ ಕಲ್ಲಿಗೆ ಮಳೆ ನೀರು ತಾಗಿರುವುದಿಲ್ಲ, ಒಳಗಿನ ಲೋಹಕ್ಕೆ ತುಕ್ಕು ಹತ್ತಿರುವುದಿಲ್ಲ. ಚೆಲ್ಯಾಬಿನ್‌ಸ್ಕ್‌ನಲ್ಲೇ ಎರಡು ಬಗೆ ಸಿಗುತ್ತದೆ. ಹಿಮ ಕರಗುವ ಮುಂಚೆ ಹೆಕ್ಕಿದ್ದು ಒಳಗೆ ಹಾಲುಬೂದಿ ಬಣ್ಣ. ಹಿಮ ಕರಗಿ ಕೆಸರಿನಲ್ಲಿ ನೆನೆದದ್ದರಲ್ಲಿ ಕಂದು ಕಲೆ ಇರುತ್ತದೆ. ಮಾರುವವರನ್ನು ಯಾವುದು ಅಂತ ಕೇಳಿ. ಬಲ್ಲವರು ತಕ್ಷಣ ಹೇಳುತ್ತಾರೆ.

ಫೈಂಡ್ ಅಂದರೆ ಕೀಳು ಅಂತಲ್ಲ. ಚಂದ್ರನಿಂದ ಬಂದ ಉಲ್ಕಾಶಿಲೆಗಳೆಲ್ಲ ಫೈಂಡ್‌ಗಳೇ. ಅಗ್ಗಕ್ಕೆ ಕಲಿಯಲು ಸಹಾರಾದ ಕಲ್ಲಿಗಿಂತ ಒಳ್ಳೆಯದಿಲ್ಲ.

ಎರಡನೆಯದು: ದುಡ್ಡಿಗಿಂತ ಮುಂಚೆ ಹೆಸರು ಹುಡುಕಿ

ಉಲ್ಕಾಶಿಲೆಗೆ ಬಿದ್ದ ಊರಿನ ಹೆಸರನ್ನೇ ಇಡುತ್ತಾರೆ. ಸಹಾರಾದಂಥ ಜಾಗದಲ್ಲಿ ಊರೇ ಇಲ್ಲವಲ್ಲ, ಅಲ್ಲಿನದಕ್ಕೆ ನಂಬರ್. ಎನ್‌ಡಬ್ಲ್ಯುಎ 869 ಅಂದರೆ ವಾಯವ್ಯ ಆಫ್ರಿಕಾದಿಂದ ಬಂದು ಆ ನಂಬರ್ ಪಡೆದ ಕಲ್ಲು.

ಈ ಎಲ್ಲ ಹೆಸರುಗಳೂ ಮೀಟಿಯೊರಿಟಿಕಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದ 'ಮೀಟಿಯೊರಿಟಿಕಲ್ ಬುಲೆಟಿನ್ ಡೇಟಾಬೇಸ್' ಅನ್ನುವ ತಾಣದಲ್ಲಿವೆ. ಉಚಿತ, ಲಾಗಿನ್ ಬೇಡ. ಕಲ್ಲಿನ ಹೆಸರು ಹಾಕಿ. ಯಾವ ದೇಶ, ಯಾವ ವರ್ಷ, ಫಾಲ್ ಹೌದೋ ಅಲ್ಲವೋ, ಒಟ್ಟು ಎಷ್ಟು ತೂಕ ಸಿಕ್ಕಿದೆ, ಯಾವ ಜಾತಿ, ಎಲ್ಲವೂ ಬರುತ್ತದೆ. ಇದನ್ನು ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಒಟ್ಟು ತೂಕವನ್ನು ಗಮನವಿಟ್ಟು ನೋಡಿ. ದಾಖಲೆಯಲ್ಲಿ 300 ಗ್ರಾಂ ಸಿಕ್ಕಿದೆ ಅಂತಿದ್ದು, ಒಬ್ಬರೇ ಎರಡು ಕಿಲೋ ಮಾರುತ್ತಿದ್ದರೆ ಅಲ್ಲಿ ಏನೋ ಸರಿಯಿಲ್ಲ ಅಲ್ವಾ?

ಹೊಸ ಕಲ್ಲಿಗೆ ಹೆಸರು ಬೇಕಾದರೆ ಅದರಲ್ಲಿ 20 ಗ್ರಾಂ, ಅಥವಾ ಒಟ್ಟು ತೂಕದ ಶೇಕಡ 20, ಯಾವುದು ಕಡಿಮೆಯೋ ಅಷ್ಟನ್ನು ಒಂದು ಸಂಸ್ಥೆಯಲ್ಲಿ ಇಡಲೇಬೇಕು. ಆದ್ದರಿಂದ ಹೆಸರಿರುವ ಪ್ರತಿ ಕಲ್ಲಿಗೂ ಎಲ್ಲೋ ಒಂದು ಕಡೆ ಸಾಕ್ಷಿ ತುಣುಕು ಇರುತ್ತದೆ. "ವರ್ಗೀಕರಣ ಆಗಿಲ್ಲ" ಅಂತ ಮಾರುವ ಕಲ್ಲಿಗೆ ಆ ಸಾಕ್ಷಿ ಇಲ್ಲ.

ಇನ್ನು ಜಾತಿಯ ಹೆಸರಿನಲ್ಲಿ ಬರುವ ಅಕ್ಷರಗಳು. ಎಚ್, ಎಲ್, ಎಲ್‌ಎಲ್ ಅಂದರೆ ಸಾಧಾರಣ ಕಾಂಡ್ರೈಟ್ ಅನ್ನುವ, ಎಲ್ಲಕ್ಕಿಂತ ಹೆಚ್ಚು ಸಿಗುವ ಕಲ್ಲಿನ ಜಾತಿಯ ಮೂರು ಬಗೆ, ಕಬ್ಬಿಣ ಹೆಚ್ಚಿನದರಿಂದ ಕಡಿಮೆಯದಕ್ಕೆ. ಪಕ್ಕದ 3ರಿಂದ 6ರವರೆಗಿನ ಅಂಕಿ, ಆ ಕಲ್ಲು ಹುಟ್ಟಿದ ಮೇಲೆ ಎಷ್ಟು ಬೆಂದಿದೆ ಅನ್ನುವುದನ್ನು ಹೇಳುತ್ತದೆ. 3 ಆದರೆ ಒಳಗಿನ ಕಾಂಡ್ರೂಲ್ ಅನ್ನುವ ಗುಂಡು ಕಾಳುಗಳು ಸಾಬೂದಾನಿಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ. 6 ಆದರೆ ಕಾಳು ಕರಗಿ ಮುದ್ದೆಯಾಗಿರುತ್ತದೆ. ಡಬ್ಲ್ಯು ಮುಂದಿನ ಅಂಕಿ ಭೂಮಿಯ ಮೇಲೆ ಎಷ್ಟು ಹಾಳಾಗಿದೆ ಅನ್ನುವುದಕ್ಕೆ: ಡಬ್ಲ್ಯು0 ತಾಜಾ.

ಮೂರನೆಯದು: ಯಾವುದರಿಂದ ಶುರು?

ನನ್ನ ಸಲಹೆ: ಮೊದಲ ವರ್ಷ ನಾಲ್ಕೇ ತುಣುಕು, ನಾಲ್ಕು ಬೇರೆ ಬೇರೆ ಬಗೆ. ಗಾತ್ರದ ಆಸೆ ಬೇಡ.

ಒಂದು, ಇತ್ತೀಚಿನ ಫಾಲ್. ಚೆಲ್ಯಾಬಿನ್‌ಸ್ಕ್ ಆಗಬಹುದು. 2019ರ ಫೆಬ್ರವರಿ 1ರಂದು ಹಾಡುಹಗಲೇ ಕ್ಯೂಬಾದ ವಿನ್ಯಾಲೆಸ್‌ನಲ್ಲಿ ಬಿದ್ದ ಎಲ್6 ಕಲ್ಲೂ ಆಗಬಹುದು. ಎರಡೂ ಸಾಕಷ್ಟು ಸಿಕ್ಕಿದ್ದರಿಂದ ಸಣ್ಣ ತುಣುಕು ಕೈಗೆಟಕುವ ಬೆಲೆಗೆ ಸಿಗುತ್ತದೆ.

ಎರಡು, ಸಿಖೋಟೆ ಅಲಿನ್. 1947ರ ಫೆಬ್ರವರಿ 12ರಂದು ರಷ್ಯಾದ ದೂರ ಪೂರ್ವದ ಕಾಡಿನಲ್ಲಿ ಸುರಿದ ಕಬ್ಬಿಣದ ಮಳೆ. ಹೆಕ್ಕಿದ್ದೇ 23 ಟನ್‌ಗಿಂತ ಹೆಚ್ಚು. ಇದರಲ್ಲೂ ಎರಡು ರೂಪ. ಆಕಾಶದಲ್ಲೇ ಬಿಡಿಯಾಗಿ ಹಾರಿ ಬಂದದ್ದರ ಮೈಮೇಲೆ ನಾದಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ಗುಳಿಗಳಿರುತ್ತವೆ. ಸಿಡಿದು ಚೂರಾದದ್ದಕ್ಕೆ ಶ್ರಾಪ್ನೆಲ್ ಅನ್ನುತ್ತಾರೆ, ತಗಡು ಹರಿದಂಥ ಚೂಪು ಅಂಚು. ಹೆಬ್ಬೆರಳು ಗುಳಿಯದಕ್ಕೆ ಬೆಲೆ ಹೆಚ್ಚು, ಶ್ರಾಪ್ನೆಲ್ ಅಗ್ಗ. ಶ್ರಾಪ್ನೆಲ್ ಕೊಂಡರೂ ಸಂತೋಷವೇ. 15 ಗ್ರಾಂ ತುಂಡನ್ನು ಅಂಗೈಯಲ್ಲಿಟ್ಟರೆ ಆ ಭಾರ ನೋಡಿ, ಕಲ್ಲಿನ ಭಾರ ಅಲ್ಲವೇ ಅಲ್ಲ ಅಂತ ಕೈಗೇ ಗೊತ್ತಾಗುತ್ತದೆ.

ಮೂರು, ಅಯೆಂದೆ. 1969ರ ಫೆಬ್ರವರಿ 8ರಂದು ಮೆಕ್ಸಿಕೋದ ಚಿವಾವಾದಲ್ಲಿ ಬಿದ್ದದ್ದು. ಒಂದು ಗ್ರಾಂನ ಸ್ಲೈಸ್ ಸಾಕು. ಬೂದು ಕಲ್ಲಿನೊಳಗೆ ಬಿಳಿ ಚುಕ್ಕೆಗಳು, ಕೊಬ್ಬರಿ ಚೂರು ಸಿಕ್ಕಿಕೊಂಡ ಹಾಗೆ. ಆ ಬಿಳಿ ಚುಕ್ಕೆಗಳ ವಯಸ್ಸು ಸುಮಾರು 456 ಕೋಟಿ ವರ್ಷ, ಭೂಮಿಗಿಂತ ಹಳೆಯದು. ನಾನು ಕೈಯಲ್ಲಿ ಹಿಡಿದ ಅತಿ ಹಳೆಯ ವಸ್ತು ಅದೇ. ಇಂದಿಗೂ ಡಬ್ಬಿ ತೆರೆಯುವಾಗ ಉಸಿರು ನಿಧಾನವಾಗುತ್ತದೆ.

ನಾಲ್ಕು, ಸೆಯಿಮ್‌ಚಾನ್‌ನಂಥ ಪಲ್ಲಾಸೈಟ್ (ಕಬ್ಬಿಣದ ನಡುವೆ ಹರಳುಗಳು ಸಿಕ್ಕಿಕೊಂಡ ಬಗೆ) ಸ್ಲೈಸ್, ಇಲ್ಲವೇ ಆಸಿಡ್‌ನಿಂದ ಮೂಡಿಸಿದ ವಿಡ್ಮನ್‌ಸ್ಟಾಟನ್ ವಿನ್ಯಾಸದ ಕಬ್ಬಿಣ. ನಿಕ್ಕಲ್ ಬೆರೆತ ಕಬ್ಬಿಣ ಲಕ್ಷಾಂತರ ವರ್ಷ ನಿಧಾನವಾಗಿ ತಣ್ಣಗಾದಾಗ ಮಾತ್ರ ಆ ಹೆಣೆದ ಗೆರೆಗಳು ಮೂಡುತ್ತವೆ. ಯಾವ ಕುಲುಮೆಯಲ್ಲೂ ಮಾಡಲಾಗದು. ಆಸಿಡ್ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಮಾಡಿದ್ದನ್ನೇ ಕೊಳ್ಳಿ.

ಚಂದ್ರ, ಮಂಗಳದ ಕಲ್ಲು ಆಮೇಲೆ ನೋಡೋಣ. ಅದರ ಗ್ರಾಂ ಬೆಲೆ ಸಾಧಾರಣ ಕಾಂಡ್ರೈಟ್‌ನ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು.

'ಹ್ಯಾಮರ್' ಅನ್ನುವ ಮಾತು ಕಿವಿಗೆ ಬಿದ್ದರೆ ಸ್ವಲ್ಪ ತಡೆಯಿರಿ. ಮನೆ, ಕಾರು, ಪ್ರಾಣಿ, ಮನುಷ್ಯರಿಗೆ ಬಡಿದ ಕಲ್ಲಿಗೆ ಹಾಗೆ ಹೇಳುತ್ತಾರೆ. 1992ರ ಅಕ್ಟೋಬರ್ 9ರಂದು ಅಮೆರಿಕದ ಪೀಕ್‌ಸ್ಕಿಲ್‌ನಲ್ಲಿ 12 ಕಿಲೋಗೂ ಹೆಚ್ಚು ತೂಕದ ಕಲ್ಲು ನಿಂತಿದ್ದ ಶೆವರ್ಲೆ ಕಾರಿನ ಹಿಂಭಾಗವನ್ನು ಸೀಳಿತು. ಅಲ್ಲಿ ಸಿಕ್ಕಿದ್ದು ಒಂದೇ ಕಲ್ಲು, ಹಾಗಾಗಿ ಅದರ ಪ್ರತಿ ಚೂರೂ ನಿಜವಾದ ಹ್ಯಾಮರ್. ಆದರೆ ನೂರಾರು ಕಲ್ಲು ಸುರಿದ ಕಡೆ ಒಂದು ಮಾತ್ರ ಹೆಂಚಿಗೆ ಬಡಿದಿರುತ್ತದೆ. ಉಳಿದದ್ದನ್ನೂ ಅದೇ ಹೆಸರಿನಲ್ಲಿ ಬೆಲೆ ಏರಿಸಿ ಮಾರುತ್ತಾರೆ. ನಿಮ್ಮ ಚೂರು ಬಡಿದದ್ದೋ, ಪಕ್ಕದ ಗದ್ದೆಯದ್ದೋ ಅಂತ ನೇರವಾಗಿ ಕೇಳಿ.

ನಾಲ್ಕನೆಯದು: ಯಾರಿಂದ, ಏನು ಕೇಳಿ ಕೊಳ್ಳಬೇಕು

ಐಎಂಸಿಎ ಅಂತ ಕೂಡಿಡುವವರ ಅಂತರರಾಷ್ಟ್ರೀಯ ಸಂಘವಿದೆ. ಸದಸ್ಯರಿಗೆ ನಂಬರ್ ಇರುತ್ತದೆ, ತಾವು ಮಾರಿದ್ದು ಅಸಲಿ ಅಂತ ಅವರು ಮಾತು ಕೊಟ್ಟಿರುತ್ತಾರೆ. ಆ ನಂಬರ್ ನಿಜವೋ ಅಂತ ಸಂಘದ ಪಟ್ಟಿಯಲ್ಲೇ ನೋಡಿಕೊಳ್ಳಿ. ಸದಸ್ಯರಲ್ಲದ ಪ್ರಾಮಾಣಿಕರೂ ಬೇಕಾದಷ್ಟು ಜನ ಇದ್ದಾರೆ, ಆದರೆ ಹೊಸಬರಿಗೆ ಇದು ಸುಲಭದ ದಾರಿ.

ಕೈಯಲ್ಲಿ ಹಿಡಿದು ಕೊಳ್ಳುವ ಆಸೆಯಿದ್ದರೆ ಎರಡು ದೊಡ್ಡ ಸಂತೆಗಳಿವೆ. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಅಮೆರಿಕದ ಅರಿಜೋನಾದ ಟೂಸಾನ್ ಊರಿನಲ್ಲಿ ನಡೆಯುವ ಕಲ್ಲು, ಹರಳುಗಳ ಮೇಳ ಒಂದು. ಫ್ರಾನ್ಸಿನ ಎನ್ಸಿಶೈಮ್‌ನಲ್ಲಿ ಜೂನ್‌ನಲ್ಲಿ ನಡೆಯುವುದು ಇನ್ನೊಂದು. ಎನ್ಸಿಶೈಮ್‌ನಲ್ಲಿ 1492ರ ನವೆಂಬರ್ 7ರಂದು ಬಿದ್ದ ಕಲ್ಲು ಇಂದಿಗೂ ಆ ಊರಿನಲ್ಲೇ ಇದೆ. ಆ ಕಡೆ ಇರುವ ಕನ್ನಡಿಗರು ಒಮ್ಮೆಯಾದರೂ ಹೋಗಿ ಬನ್ನಿ.

ದೂರದಿಂದ ಕೊಳ್ಳುವವರು ಕೇಳಬೇಕಾದ್ದು: ಹೆಸರು ಮತ್ತು ಜಾತಿ, ನೂರನೇ ಒಂದು ಗ್ರಾಂವರೆಗಿನ ತೂಕ, ಒಂದು ಸೆಂಟಿಮೀಟರ್ ಘನದ ಪಕ್ಕ ಇಟ್ಟು ಎಲ್ಲ ಮಗ್ಗುಲಿನ ಫೋಟೋ, ಅವರಿಗೆ ಅದು ಯಾರಿಂದ ಬಂತು, ಜೊತೆಗೆ ಯಾವ ಚೀಟಿ ಕೊಡುತ್ತಾರೆ. "ಇದೇ ತುಣುಕಿನ ಫೋಟೋ ತಾನೇ?" ಅಂತಲೂ ಕೇಳಿ. ಹಳೆಯ ಮ್ಯೂಸಿಯಂ ನಂಬರ್ ಬಣ್ಣದಲ್ಲಿ ಬರೆದ ತುಣುಕು ಸಿಕ್ಕರೆ ಆ ನಂಬರನ್ನು ಯಾವತ್ತೂ ಉಜ್ಜಿ ತೆಗೆಯಬೇಡಿ. ಬೆಲೆಯ ಅರ್ಧ ಅಲ್ಲೇ ಇದೆ.

ಪಾರ್ಸೆಲ್ ಬಂದ ಕೂಡಲೇ ಚಿನ್ನದಂಗಡಿಯವರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಚೀಟಿಯ ತೂಕಕ್ಕೆ ತಾಳೆ ನೋಡಿ. ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಲೆ ಕಡಿಮೆ ತೋರಿಸಲು ಮಾರುವವರಿಗೆ ಹೇಳಬೇಡಿ. ಪಾರ್ಸೆಲ್ ಕಳೆದರೆ ಪರಿಹಾರ ಸಿಗುವುದೂ ಅಷ್ಟಕ್ಕೇ.

ಐದನೆಯದು: ನಕಲಿ ಗುರುತಿಸುವುದು

ನಮ್ಮ ಕಡೆ "ಉಲ್ಕೆ ಸಿಕ್ಕಿದೆ" ಅಂತ ತರುವ ಹತ್ತು ಕಲ್ಲಿನಲ್ಲಿ ಹತ್ತೂ ಬೇರೆಯದೇ ಇರುತ್ತವೆ. ಕಾರಣ ಸರಳ. ಕುದುರೆಮುಖದ ಮ್ಯಾಗ್ನಟೈಟ್ ಅದಿರು ಕಪ್ಪಗಿದೆ, ಭಾರವಿದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಸಂಡೂರಿನ ಹೆಮಟೈಟ್ ಕೂಡ ಭಾರ. ಹಳೇ ಕುಲುಮೆಗಳ ಕಬ್ಬಿಣದ ಕಿಟ್ಟವೂ ಹಾಗೇ.

ಮನೆಯಲ್ಲೇ ಮಾಡುವ ಪರೀಕ್ಷೆ: ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಿರುತ್ತದಲ್ಲ, ಅದರ ಮೇಲೆ ಕಲ್ಲನ್ನು ಗಟ್ಟಿಯಾಗಿ ಉಜ್ಜಿ. ಕೆಮ್ಮಣ್ಣಿನ ಗೆರೆ ಬಂದರೆ ಹೆಮಟೈಟ್. ಪೆನ್ಸಿಲ್‌ನಂಥ ಕರಿ ಗೆರೆ ಬಂದರೆ ಮ್ಯಾಗ್ನಟೈಟ್. ತಾಜಾ ಉಲ್ಕಾಶಿಲೆ ಗೆರೆ ಬಿಡುವುದೇ ಇಲ್ಲ ಅನ್ನಬಹುದು. ಗುಳ್ಳೆ ತೂತು ಇದ್ದರೆ ಬಹುಮಟ್ಟಿಗೆ ಕಿಟ್ಟ. ಒಂದು ಮೂಲೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ನೋಡಿ: ಸಾಧಾರಣ ಕಾಂಡ್ರೈಟ್ ಆದರೆ ಒಳಗೆ ಲೋಹದ ಕಣಗಳು ಮಿನುಗುತ್ತವೆ. ಇದೆಲ್ಲ ನೆಲದಲ್ಲಿ ಸಿಕ್ಕ ಅನುಮಾನದ ಕಲ್ಲಿಗೆ ಮಾತ್ರ. ಕೊಂಡ ತುಣುಕನ್ನು ಉಜ್ಜಬೇಡಿ.

ಅಯಸ್ಕಾಂತದ ಬಗ್ಗೆ ಒಂದು ಕೋರಿಕೆ. ನಿಯೋಡಿಮಿಯಂನಂಥ ಬಲವಾದ ಅಯಸ್ಕಾಂತ ತಾಗಿಸಬೇಡಿ. ಕಲ್ಲಿನೊಳಗೆ ಅದು ಹುಟ್ಟಿದ ಕಾಲದ ಕಾಂತೀಯ ಗುರುತು ಉಳಿದಿರಬಹುದು, ಒಂದು ಸಲ ತಾಗಿಸಿದರೆ ಅಳಿಸಿಹೋಗುತ್ತದೆ. ಫ್ರಿಜ್ಜಿಗೆ ಅಂಟಿಸುವ ಮಾಮೂಲಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿದರೆ ಸಾಕು, ಅದೇ ವಾಲುತ್ತದೆ.

ಕೆಲವು ಮಾತು ಕೇಳಿದ ಕೂಡಲೇ ಎದ್ದು ಬನ್ನಿ. "ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ವಿಜ್ಞಾನಿಗಳು ಹೆಕ್ಕಿದ್ದು" ಅಂತ ಮಾರಿದರೆ ಸುಳ್ಳು. ಅವೆಲ್ಲ ಸಂಶೋಧನೆಗೆ ಮೀಸಲು, ಮಾರುವುದಿಲ್ಲ. "ಅಪೋಲೋದವರು ತಂದ ಚಂದ್ರಶಿಲೆ" ಕೂಡ ಹಾಗೇ. ಮತ್ತೆ ನಮ್ಮಲ್ಲಿ ಅಕ್ಕಿ ಎಳೆಯುವ ಚೊಂಬು, ಸಿಡಿಲು ಬಡಿದ ಇರಿಡಿಯಂ ಪಾತ್ರೆ ಅಂತ ಕೋಟಿ ಲೆಕ್ಕದಲ್ಲಿ ಮಾತಾಡುವ ರೈಸ್ ಪುಲ್ಲಿಂಗ್ ಮೋಸ ಇದೆಯಲ್ಲ, ಅದರ ಜೊತೆ ಉಲ್ಕೆಯ ಹೆಸರೂ ಸೇರಿಕೊಳ್ಳುತ್ತದೆ. ಎಷ್ಟೋ ಕುಟುಂಬಗಳು ಮನೆ ಮಾರಿಕೊಂಡಿವೆ. ಉಲ್ಕಾಶಿಲೆ ಅಕ್ಕಿಯನ್ನು ಎಳೆಯುವುದಿಲ್ಲ.

ಆರನೆಯದು: ಕಾನೂನು

ದೇಶಕ್ಕೊಂದು ನಿಯಮ. ಅಮೆರಿಕದಲ್ಲಿ ಖಾಸಗಿ ಜಮೀನಿನಲ್ಲಿ ಬಿದ್ದದ್ದು ಜಮೀನಿನ ಒಡೆಯರದ್ದು. ಅರ್ಜೆಂಟೀನಾ 2007ರಲ್ಲಿ ಕಾನೂನು ತಂದು ಕಾಂಪೊ ಡೆಲ್ ಸಿಯೆಲೊದಂಥ ತನ್ನ ಉಲ್ಕಾಶಿಲೆಗಳನ್ನು ಕಾಪಾಡಿಕೊಂಡಿದೆ. ನಮೀಬಿಯಾದಲ್ಲಿ ಗಿಬಿಯನ್ ಕಬ್ಬಿಣಕ್ಕೂ ರಕ್ಷಣೆ ಇದೆ. ಇವು ಮಾರುಕಟ್ಟೆಯಲ್ಲಿ ಸಿಗುತ್ತವೆ, ಆದರೆ ಯಾವಾಗ ದೇಶ ಬಿಟ್ಟು ಬಂದದ್ದು ಅಂತ ಕೇಳುವುದು ನಿಮ್ಮ ಕೆಲಸ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪಡೆದು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದ್ದು, ಅಂದರೆ ಜಿಎಸ್‌ಐ. ಅದರ ಸಂಗ್ರಹ ಕೋಲ್ಕತ್ತದಲ್ಲಿದೆ. ಹೊಸದಾಗಿ ಬಿದ್ದ ಕಲ್ಲು ಮಾರುತ್ತೇನೆ ಅಂತ ಯಾರಾದರೂ ಬಂದರೆ ನಾನಂತೂ ಕೊಳ್ಳುವುದಿಲ್ಲ. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದ ಕಲ್ಲು ಸಿಎಂ2 ಅನ್ನುವ ಅಪರೂಪದ ಜಾತಿಯದ್ದು. ಹಳ್ಳಿಯವರು ಸುಮ್ನೆ ಹಂಚಿಕೊಂಡಿದ್ದರೆ ಅದು ಏನು ಅಂತಲೇ ಗೊತ್ತಾಗುತ್ತಿರಲಿಲ್ಲ.

ನಿಮ್ಮೆದುರೇ ಬಿದ್ದರೆ? ಬಿದ್ದ ಜಾಗದ ಫೋಟೋ, ಸಮಯ, ಮೊಬೈಲಿನ ಜಿಪಿಎಸ್ ಗುರುತು ಮೊದಲು. ಬರಿಗೈಲಿ ಮುಟ್ಟಬೇಡಿ, ಶುದ್ಧವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಎತ್ತಿ ಸುತ್ತಿಡಿ. ತೊಳೆಯಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ. ಪೊಲೀಸ್ ಠಾಣೆಗೋ ತಹಶೀಲ್ದಾರ್ ಕಚೇರಿಗೋ ತಿಳಿಸಿ, ಅಲ್ಲಿಂದ ಜಿಎಸ್‌ಐಗೆ ಹೋಗುತ್ತದೆ.

ಕರ್ನಾಟಕಕ್ಕೂ ಈ ಪಟ್ಟಿಯಲ್ಲಿ ಜಾಗವಿದೆ. 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯಲ್ಲಿ ಬಿದ್ದ ಎಲ್5 ಕಲ್ಲು ದಾಖಲೆಯಲ್ಲಿ 'ಮುದ್ದೂರ್' ಅಂತಿದೆ. ಅದಕ್ಕೆ ಒಂದು ತಿಂಗಳೂ ಆಗದ ಹಿಂದೆ, ಆಗಸ್ಟ್ 25ರಂದು, ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಮಂಗಳನ ಕಲ್ಲು. ಮಂಗಳದ ಒಂದು ಜಾತಿಗೇ ಶೆರ್ಗೊಟೈಟ್ ಅಂತ ಅದರ ಹೆಸರು ಬಿದ್ದಿದೆ. 1866ರ ಏಪ್ರಿಲ್‌ನಲ್ಲಿ ನಮ್ಮ ಉಡುಪಿಯಲ್ಲೂ ಒಂದು ಎಚ್5 ಬಿತ್ತು. 'ಉಡಿಪಿ' ಅನ್ನುವ ಆ ಹೆಸರನ್ನು ಡೇಟಾಬೇಸಿನಲ್ಲಿ ಮೊದಲ ಸಲ ಕಂಡ ದಿನ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಏಳನೆಯದು: ಕಾಪಾಡುವುದು, ಅದರಲ್ಲೂ ಮಳೆಗಾಲದಲ್ಲಿ

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನನ್ನ ಎರಡನೇ ಖರೀದಿ ಕಾಂಪೊ ಡೆಲ್ ಸಿಯೆಲೊದ 80 ಗ್ರಾಂ ಕಬ್ಬಿಣ. ಗಾಜಿನ ಶೋಕೇಸಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಕರಾವಳಿಯ ಮಳೆಗಾಲ ಗೊತ್ತಲ್ಲ, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಶ್ರಾವಣದಲ್ಲಿ ಒರೆಸಲು ತೆಗೆದರೆ ಕಂದು ಬೆವರಿನಂಥ ಹನಿಗಳು, ಕೆಳಗೆ ಕೆಂಪು ಪುಡಿ. ಒಂದು ಚಕ್ಕೆ ಉಗುರು ತಾಗಿದ್ದಕ್ಕೇ ಕಳಚಿ ಬಿತ್ತು.

ನೆಲದಲ್ಲಿ ಸಾವಿರಾರು ವರ್ಷ ಇದ್ದ ಕಬ್ಬಿಣದೊಳಗೆ ಕ್ಲೋರೈಡ್ ಸೇರಿಕೊಂಡಿರುತ್ತದೆ. ಗಾಳಿಯ ತೇವ ಸಿಕ್ಕರೆ ಅದು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಕಾಂಪೊ, ಚೀನಾದ ನಾಂಟನ್, ಸ್ವೀಡನ್ನಿನ ಮುವೊನಿಯೊನಲುಸ್ತಾ ಇವಕ್ಕೆಲ್ಲ ಈ ಕಾಯಿಲೆ ಬೇಗ ಬರುತ್ತದೆ. ಕರಾವಳಿ, ಮಲೆನಾಡಿನವರು ಮೊದಲ ಕಬ್ಬಿಣವಾಗಿ ಇವನ್ನು ಆರಿಸಬೇಡಿ.

ಈಗ ನಾನು ಮಾಡುವುದು ಹೀಗೆ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಪುಟ್ಟ ಮೀಟರ್. ಕಿತ್ತಳೆ ಬಣ್ಣ ಮಾಸಿತು ಅಂದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ತುಣುಕು ಎತ್ತುವಾಗ ಹತ್ತಿ ಕೈಗವಸು, ಬೆವರಿನಲ್ಲಿ ಉಪ್ಪಿದೆ. ನಲ್ಲಿ ನೀರು ತಾಗಿಸಲೇಬಾರದು. ಕಬ್ಬಿಣದ ಮೇಲೆ ತುಕ್ಕು ಶುರುವಾದರೆ ಮೆದು ಬ್ರಶ್ಶಿನಿಂದ ತೆಗೆದು, ನೀರಿಲ್ಲದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ, ತೆಳುವಾಗಿ ಮೆಷಿನ್ ಎಣ್ಣೆ ಸವರಿ. ಕಲ್ಲಿನ ತುಣುಕಿಗೆ ಎಣ್ಣೆ ಬೇಡ, ಹೀರಿಕೊಂಡು ಕಲೆ ಆಗುತ್ತದೆ.

ಕೊನೆಗೆ: ಚೀಟಿ ಮತ್ತು ಪುಸ್ತಕ

ಪ್ರತಿ ತುಣುಕಿಗೂ ಒಂದು ನಂಬರ್. ಅದೇ ನಂಬರ್ ಡಬ್ಬಿಯ ಮೇಲೆ, ಚೀಟಿಯಲ್ಲಿ, ಪುಸ್ತಕದಲ್ಲಿ. ಮಾರಿದವರ ಮೂಲ ಚೀಟಿಯನ್ನು ಎಸೆಯದೆ ಪ್ಲಾಸ್ಟಿಕ್ ಹಾಳೆಯಲ್ಲಿಡಿ. ಅದಕ್ಕೆ ಹಿಂದಿನ ಮಾಲೀಕರ ಚೀಟಿಯಿದ್ದರೆ ಅದನ್ನೂ. ಒಂದು ತುಣುಕನ್ನು ಎರಡು ಮಾಡಿ ಒಬ್ಬರಿಗೆ ಕೊಟ್ಟರೆ ಹೊಸ ತೂಕ ಬರೆದು, ಹಳೇ ಚೀಟಿಯ ಜೆರಾಕ್ಸ್ ಅವರಿಗೆ ಕೊಡಿ.

ನನ್ನ ಪುಸ್ತಕದ ಮೊದಲ ಸಾಲು ಹೀಗಿದೆ: "1. ಚೆಲ್ಯಾಬಿನ್‌ಸ್ಕ್. ಫಾಲ್, 15-2-2013. ಎಲ್‌ಎಲ್5. 2.1 ಗ್ರಾಂ. ಪೂರ್ತಿ ಕಲ್ಲು, ಒಂದು ಮೂಲೆ ಚಕ್ಕೆ. ಹಿಮದಿಂದ ಹೆಕ್ಕಿದ್ದು." ಪುಸ್ತಕ ಯಾವ ಕಪಾಟಿನಲ್ಲಿದೆ, ಯಾವ ಡಬ್ಬಿಯಲ್ಲಿ ಯಾವುದಿದೆ ಅಂತ ಮಗಳಿಗೆ ತೋರಿಸಿದ್ದೇನೆ. ಈ ಮಳೆಗಾಲದಿಂದ ತಿಂಗಳಿಗೊಮ್ಮೆ ಸಿಲಿಕಾದ ಬಣ್ಣ ನೋಡುವ ಕೆಲಸ ಅವಳದ್ದು. ತಾರೀಖು ಹಾಕಿ, ಪಕ್ಕದಲ್ಲಿ ಸಹಿ ಮಾಡುತ್ತಾಳೆ.